ಅತ್ತೆಯ ಸಮೇತ ಕರಾರು

ಮದುವೆಗೆ ಮುಂಚೆ ಗಂಡು ಹೋಗಿ ಬರುವ ಜಾಗಗಳು ನಮ್ಮಲ್ಲಿ ಗೊತ್ತಾದವೇ: ಜವಳಿ ಅಂಗಡಿ, ಕ್ಷೌರದಂಗಡಿ, ಮನೆದೇವರು. ನಾನು ಈ ಮೂರಕ್ಕೂ ಮೊದಲು ಬೇಗಂಪೇಟೆಯ ಒಬ್ಬ ವಕೀಲರ ಬಳಿ ಹೋದೆ, ಅದೂ ಮದುವೆಯಾಗಬೇಕಾದ ಹೆಣ್ಣಿನ ಜೊತೆಗೆ. ಇದನ್ನು ಹೆಚ್ಚು ಜನರಿಗೆ ಹೇಳಿಲ್ಲ. ನಾಚಿಕೆಯಿಂದಲ್ಲ. ಹೇಳಲು ಶುರುಮಾಡಿದೊಡನೆ ಕೇಳುವವರು ಇದು ವಿಚ್ಛೇದನದ ಕತೆಯೆಂದು ತಿಳಿದು ಮುಖ ಸಪ್ಪಗೆ ಮಾಡಿಕೊಳ್ಳುತ್ತಾರೆ. ಅವರನ್ನು ಸಮಾಧಾನ ಮಾಡುವುದರಲ್ಲೇ ಚಹಾ ಆರಿಹೋಗುತ್ತದೆ.

ಹೈದರಾಬಾದು ಆಗ ಪಡುವಣಕ್ಕೆ ಮುಖ ಮಾಡಿ ಓಡುತ್ತಿತ್ತು. ಮಾದಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ನಿಲ್ಲಿಸುತ್ತಿದ್ದರು. ಅಮೀರ್‌ಪೇಟೆಯ ಗೋಡೆಗಳ ಮೇಲೆ ಸಿನಿಮಾ ಪೋಸ್ಟರಿಗಿಂತ ಕಂಪ್ಯೂಟರ್ ಕೋರ್ಸಿನ ಪೋಸ್ಟರುಗಳೇ ಹೆಚ್ಚಿದ್ದವು. ನಾನು ಊರಿನ ಇನ್ನೊಂದು ಮಗ್ಗುಲಲ್ಲಿದ್ದೆ. ಜೀಡಿಮೆಟ್ಲಾದ ಒಂದು ಔಷಧ ಕಾರ್ಖಾನೆಯಲ್ಲಿ ಕೆಮಿಸ್ಟ್. ತಯಾರಾದ ಪುಡಿಯಲ್ಲಿ ಇರಬಾರದ್ದು ಏನೇನಿದೆ ಎಂದು ಹುಡುಕಿ ಬರೆದಿಡುವುದು ನನ್ನ ಕೆಲಸ. ಎಷ್ಟು ತಿಕ್ಕಿ ಒಗೆದರೂ ಅಂಗಿಯಿಂದ ಕಾರ್ಖಾನೆಯ ವಾಸನೆ ಹೋಗುತ್ತಿರಲಿಲ್ಲ. ಹೀಗಾಗಿ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಸದಾ ಖಾಲಿ ಇರುತ್ತಿತ್ತು, ಜೀವನದಲ್ಲಿಯೂ ಅದೇ ಸ್ಥಿತಿ. ಅಕ್ಕನ ಮದುವೆ, ಅಪ್ಪನ ಕಾಯಿಲೆ ಎಂದು ನಾನು ತಡಮಾಡಿದ ಹತ್ತು ವರ್ಷಗಳಲ್ಲಿ ಹೆಣ್ಣು ಹೆತ್ತವರ ಪ್ರಶ್ನೆಗಳು ಬದಲಾಗಿಬಿಟ್ಟಿದ್ದವು. ಮೊದಲು 'ಹುಡುಗ ಚಟಗಾರನೇ?' ಎಂದು ಕೇಳುತ್ತಿದ್ದವರು ಈಗ 'ಕಂಪ್ಯೂಟರ್ ಬರುತ್ತದೆಯೇ?' ಎನ್ನುತ್ತಿದ್ದರು. ನಮ್ಮ ಕಾರ್ಖಾನೆಯಲ್ಲಿ ಒಂದು ಕಂಪ್ಯೂಟರ್ ಇದೆ, ಅದರ ಕೋಣೆಗೆ ಚಪ್ಪಲಿ ಕಳಚಿ ಹೋಗಬೇಕು ಎಂದು ನಾನು ಪ್ರಾಮಾಣಿಕವಾಗಿ ಉತ್ತರಿಸುತ್ತಿದ್ದೆ. ಹಾಗೆ ನಲವತ್ತೊಂದು ತುಂಬಿತು.

ನನ್ನನ್ನು ಕಂಡುಹಿಡಿದವರು ನೀಲಮ್ಮ. ಮಲ್ಕಾಜ್‌ಗಿರಿಯಲ್ಲಿ ನಾನೊಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಒಂದು ಭಾನುವಾರ ಬೆಳಿಗ್ಗೆ ಎಸ್‌ಟಿಡಿ ಬೂತಿನಲ್ಲಿ ರಾಯಚೂರಿನ ಅಕ್ಕನೊಂದಿಗೆ ಮಾತಾಡುತ್ತಿದ್ದೆ. ಮಾತಾಡುವುದೆಂದರೆ ಕೂಗುವುದು, ಆಗಿನ ಲೈನುಗಳು ಹಾಗಿದ್ದವು. ಫೋನಿಟ್ಟು ತಿರುಗಿದರೆ, ಅರವತ್ತೈದು ದಾಟಿದ ಒಬ್ಬ ತೆಳ್ಳನೆಯ ಹೆಂಗಸು ನನ್ನನ್ನೇ ನೋಡುತ್ತಿದ್ದರು.

"ನಮ್ ಕಡೇಯವರೇನ್ರಿ ನೀವು? ಲಿಂಗಸೂಗೂರು ಗೊತ್ತೈತೇನ್ರಿ?"

ಗೊತ್ತಿದೆ ಎಂದೆ. ಅಷ್ಟು ಸಾಕಾಯಿತು. ಅರ್ಧ ಗಂಟೆಯಲ್ಲಿ ನಾನು ಅವರ ಮನೆಯ ನೆಲದ ಮೇಲೆ ಕುಳಿತು ಜೋಳದ ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದೆ. ರೊಟ್ಟಿ ತಂದು ಹಾಕುತ್ತಿದ್ದವಳು ಶೈಲಜಾ. ಗೋಡೆಯ ಮೇಲೆ ಒಬ್ಬ ತರುಣನ ಫೋಟೊ ಇತ್ತು, ಅದಕ್ಕೆ ಗಂಧದ ಹಾರ ಹಾಕಿದ್ದರು. ಅವನು ನೀಲಮ್ಮನ ಒಬ್ಬನೇ ಮಗ, ಶೈಲಜಾಳ ಗಂಡ, ರೈಲ್ವೆ ನೌಕರ. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲವಂತೆ. ಮಕ್ಕಳಿಲ್ಲ. ಅವನು ಕೊಂಡಿದ್ದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅತ್ತೆ, ಸೊಸೆ ಉಳಿದುಕೊಂಡಿದ್ದರು.

ಆರು ತಿಂಗಳ ಭಾನುವಾರಗಳು ಹೀಗೆ ರೊಟ್ಟಿಯಲ್ಲಿ ಕಳೆದವು. ಒಂದು ದಿನ ಶೈಲಜಾ ತರಕಾರಿಗೆಂದು ಕೆಳಗಿಳಿದಾಗ ನೀಲಮ್ಮ ಪೀಠಿಕೆಯಿಲ್ಲದೆ ಕೇಳಿದರು. "ನಿಮಗ ಲಗ್ನ ಆಗೂ ವಿಚಾರ ಐತೇನ್ರಿ?"

ವಿಚಾರ ನನಗೆ ಇಪ್ಪತ್ತು ವರ್ಷದಿಂದ ಇದೆ, ವಿಚಾರ ಒಂದರಿಂದಲೇ ಆಗುವ ಕೆಲಸವಲ್ಲವಲ್ಲ ಎಂದೆ.

"ನಮ್ ಶೈಲಾನ್ನ ಮಾಡ್ಕೋರಿ. ಆಕಿಗಿ ಇನ್ನೂ ಮೂವತ್ತಾರು. ನನಗ ಆಕಿ ಸೊಸಿ ಅಲ್ರಿ, ಮಗಳು. ಮಗಳು ಅಂದಮ್ಯಾಲ ಕೊಟ್ಟು ಕಳಸ್ಬೇಕಲ್ಲ."

ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ. ಆರು ತಿಂಗಳಿಂದ ಪ್ರತಿ ಭಾನುವಾರ ಗಡ್ಡ ಹೆರೆದುಕೊಂಡು ಬರುತ್ತಿದ್ದುದು ಪುಂಡಿಪಲ್ಯಕ್ಕಾಗಿ ಎಂದು ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ಆ ಮುದುಕಿಗೆ ನಿಜ ಕಾರಣ ಮೊದಲ ವಾರವೇ ತಿಳಿದಿತ್ತೆಂದು ಕಾಣುತ್ತದೆ.

ಶೈಲಜಾ ಒಪ್ಪಲು ಎರಡು ತಿಂಗಳು ತೆಗೆದುಕೊಂಡಳು. ಒಪ್ಪಿದ ಮೇಲೆ ಒಂದು ಷರತ್ತು ಹಾಕಿದಳು. "ಅತ್ತಿ ನನ್ನ ಜೊತಿಗೇ ಇರ್ತಾರ. ಕಡೀತನಕ." ಸಾಮಾನ್ಯವಾಗಿ ಹೆಣ್ಣು ಅತ್ತೆ ಇರುವ ಮನೆಗೆ ಹೋಗುತ್ತಾಳೆ. ಈಕೆ ಅತ್ತೆಯನ್ನು ತನ್ನ ಜೊತೆಗೇ ತರುವವಳು. ನನಗೆ ಅದರಲ್ಲಿ ಕಷ್ಟವೇನೂ ಕಾಣಲಿಲ್ಲ. ಅಮ್ಮ ಹೋಗಿ ಬಹಳ ವರ್ಷಗಳಾಗಿದ್ದವು. ಧಾರಾಳವಾಗಿ "ಆಗಲಿ, ಮಾತು ಕೊಟ್ಟೆ" ಎಂದೆ.

"ಬಾಯಿಮಾತು ಬ್ಯಾಡ್ರಿ. ಬರ್ದು ಕೊಡ್ರಿ."

ಅವಳ ಕೆಲಸವೇ ಹಾಗಿತ್ತು. ಬೇಗಂಪೇಟೆಯ ಒಂದು ಆಫೀಸಿನಲ್ಲಿ ಅಮೆರಿಕದ ಡಾಕ್ಟರುಗಳು ಟೇಪಿನಲ್ಲಿ ಗೊಣಗಿದ್ದನ್ನು ಕಿವಿಗೆ ಯಂತ್ರ ಹಚ್ಚಿಕೊಂಡು ಕೇಳಿ, ತಪ್ಪಿಲ್ಲದೆ ಟೈಪು ಮಾಡಿ ಕಳಿಸುವುದು. ಟೈಪಾಗದ ಕಾಯಿಲೆ ಅವಳ ಲೆಕ್ಕದಲ್ಲಿ ಕಾಯಿಲೆಯೇ ಅಲ್ಲ. ಪಕ್ಕದ ಸೀಟಿನ ಹುಡುಗಿಯೊಬ್ಬಳು, ಅಮೆರಿಕದಲ್ಲಿ ಮದುವೆಗೆ ಮೊದಲು ಗಂಡು ಹೆಣ್ಣು ವಕೀಲರನ್ನಿಟ್ಟು ಕರಾರು ಬರೆಸುತ್ತಾರೆ, ಅದಕ್ಕೆ ಪ್ರೀನಪ್ ಎನ್ನುತ್ತಾರೆ ಎಂದು ಹೇಳಿದ್ದಳಂತೆ. ಆ ವರ್ಷಗಳಲ್ಲಿ ಪಿಜ್ಜಾದ ಜೊತೆಗೆ ಊರಿಗೆ ಬಂದಿಳಿದ ಪದಗಳಲ್ಲಿ ಇದೂ ಒಂದು.

ನನಗೆ ನಿಜವಾಗಿ ನೋವಾಯಿತು. ಕೆಮಿಸ್ಟನಾಗಿ ಹದಿನೆಂಟು ವರ್ಷದಲ್ಲಿ ಒಂದೂ ಸುಳ್ಳು ರಿಪೋರ್ಟು ಬರೆದವನಲ್ಲ. "ನನ್ನ ಮೇಲೆ ನಂಬಿಕೆ ಇಲ್ಲವೇ?" ಎಂದು ಕೇಳಿದೆ.

"ನಿಮ್ ಮ್ಯಾಲ ಐತ್ರಿ. ಮೂರು ವರ್ಷ ಆದಮ್ಯಾಲಿನ ನಿಮ್ ಮ್ಯಾಲ ಇಲ್ಲ," ಎಂದಳು. ಗೋಡೆಯ ಮೇಲಿನ ಫೋಟೊ ಕಡೆ ನೋಡಿ ಮತ್ತೆ ಹೇಳಿದಳು. "ಇವರು ಹೋದಾಗ ಹದಿಮೂರನೇ ದಿವಸಕ್ಕ ಮಂದಿ ಎಲ್ಲಾರೂ ಬಂದು 'ನಾವಿದ್ದೀವಿ, ಹೆದರಬ್ಯಾಡ್ರಿ' ಅಂದ್ರು. ಹದಿನಾಲ್ಕನೇ ದಿವಸ ಮನ್ಯಾಗ ನಾವಿಬ್ಬರ ಇದ್ವಿ."

ಬರೆದು ಕೊಡುತ್ತೇನೆ ಎಂದೆ. ಅಕ್ಕನಿಗೆ ಫೋನು ಮಾಡಿದೆ. ವಿಧವೆ ಎಂಬುದನ್ನು ಅಕ್ಕ ಹೇಗೋ ನುಂಗಿಕೊಂಡಿದ್ದಳು, ಅತ್ತೆಯನ್ನೂ ನುಂಗಿಕೊಂಡಿದ್ದಳು. ವಕೀಲರನ್ನು ಮಾತ್ರ ನುಂಗಲಾಗಲಿಲ್ಲ. "ಲಗ್ನ ಮಾಡ್ಕೊಳಾಕತ್ತೀಯೋ, ಮನಿ ಬಾಡಿಗಿ ಹಿಡಿಯಾಕತ್ತೀಯೋ? ಕಾಗದಾ ಬರದು ಆಗೂ ಲಗ್ನಕ್ಕ ನಾ ಬರಂಗಿಲ್ಲ!" ಬೂತಿನಲ್ಲಿ ಸರದಿಗೆ ಕಾದು ನಿಂತವರಿಗೂ ಅದು ಸ್ಪಷ್ಟವಾಗಿ ಕೇಳಿಸಿತು. ಎಲ್ಲರೂ ತೆಲುಗರಾದರೂ ಅರ್ಥವಾದಂತೆ ಕಂಡಿತು.

ಹೀಗೆ ಒಂದು ಶನಿವಾರ ನಾವಿಬ್ಬರೂ ಪ್ರಹ್ಲಾದರಾವ್ ವಕೀಲರ ಆಫೀಸಿನ ಮೆಟ್ಟಿಲು ಹತ್ತಿದೆವು. ಅವರು ಮೂಲದಲ್ಲಿ ರಾಯಚೂರಿನವರು, ಅಜ್ಜನ ಕಾಲಕ್ಕೆ ಹೈದರಾಬಾದಿಗೆ ಬಂದ ಮನೆತನ. ಹೊರಗಿನ ಬೆಂಚುಗಳ ಮೇಲೆ ಮಾದಾಪುರದಲ್ಲಿ ಫ್ಲ್ಯಾಟು ಕೊಳ್ಳುವ ಕಂಪ್ಯೂಟರ್ ಹುಡುಗರು ದಪ್ಪ ದಪ್ಪ ಫೈಲು ಹಿಡಿದು ಕುಳಿತಿದ್ದರು. ಅವರ ನಡುವೆ ನಮ್ಮ ಕೈಯಲ್ಲಿ ಒಂದೇ ಹಾಳೆ. ಅದರಲ್ಲಿ ನಾನು, ಕಾರ್ಖಾನೆಯ ರೂಢಿಯಂತೆ, ಏಳು ಅಂಶಗಳನ್ನು ಅಂದವಾಗಿ ಬರೆದಿದ್ದೆ. ಶ್ರೀಮತಿ ನೀಲಮ್ಮನವರು ಆಜೀವ ನಮ್ಮೊಂದಿಗೆ ವಾಸಿಸತಕ್ಕದ್ದು. ಅವರಿಗೆ ಪ್ರತ್ಯೇಕ ಕೋಣೆ ಇರತಕ್ಕದ್ದು. ಅವರನ್ನು ಯಾವ ಕಾರಣಕ್ಕೂ ಬೇರೆಡೆಗೆ ಕಳಿಸತಕ್ಕದ್ದಲ್ಲ. ಹೀಗೇ.

ವಕೀಲರು ಓದಿ ಕನ್ನಡಕ ತೆಗೆದರು. ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಮೇಲೆ ವಿಮಾನ ಹಾರಿತು. ವಿಮಾನ ನಿಲ್ದಾಣ ಅಲ್ಲೇ ಪಕ್ಕದಲ್ಲಿದ್ದ ಕಾಲ ಅದು. ಅವರು ತೆರೆದ ಬಾಯಿಯನ್ನು ಹಾಗೆಯೇ ಇಟ್ಟುಕೊಂಡು ಕಾದರು. ಸದ್ದು ಅಡಗಿದ ಮೇಲೆ ಮುಂದುವರಿಸಿದರು.

"ಅಕ್ಷರ ಭಾಳ ಛಲೋ ಅದಾವ್ರಿ. ಕಟ್ಟು ಹಾಕಿಸಿ ಗ್ವಾಡಿಗಿ ಹಾಕ್ರಿ. ಕೋರ್ಟಿನ್ಯಾಗ ಮಾತ್ರ ಇದು ನಿಲ್ಲಂಗಿಲ್ಲ."

ಅವರು ವಿವರಿಸಿದ್ದು ಇಷ್ಟು. ನಿಕಾಹ್ ಆಗುವವರು ನಿಕಾಹ್‌ನಾಮಾದಲ್ಲಿ ಷರತ್ತುಗಳನ್ನು ಬರೆಸಬಹುದು, ಅಲ್ಲಿ ಮದುವೆ ಎನ್ನುವುದೇ ಒಂದು ಕರಾರು. ನಮ್ಮದು ಸಂಸ್ಕಾರ, ಬೆಂಕಿಯ ಎದುರು ಏಳು ಹೆಜ್ಜೆ. ಮದುವೆಗೆ ಮುಂಚೆ ಗಂಡ ಹೆಂಡತಿ ಹೀಗೆ ಬಾಳುತ್ತೇವೆ, ಹಾಗೆ ಬೇರೆಯಾಗುತ್ತೇವೆ ಎಂದು ಬರೆದ ಕಾಗದವನ್ನು ನ್ಯಾಯಾಧೀಶರು ಆಸಕ್ತಿಯಿಂದ ಓದಬಹುದು, ಅದರಂತೆ ನಡೆಯಿರಿ ಎಂದು ಆಜ್ಞೆ ಮಾಡುವುದು ದೂರದ ಮಾತು. ಅವರವರ ಆಸ್ತಿಯನ್ನು ಅವರವರ ಹೆಸರಿನಲ್ಲಿಟ್ಟುಕೊಳ್ಳಿ, ಉಯಿಲು ಬರೆಯಿರಿ, ದಾನಪತ್ರ ಮಾಡಿ, ಅವೆಲ್ಲ ನಿಲ್ಲುತ್ತವೆ. ಮನಸ್ಸಿನ ಮೇಲೆ ಮಾತ್ರ ರಿಜಿಸ್ಟ್ರಿ ಆಗುವುದಿಲ್ಲ.

ಇಷ್ಟಕ್ಕೇ ನಿಲ್ಲುವ ವಕೀಲರಲ್ಲ ಅವರು. ಕಾನೂನನ್ನು ಉರ್ದು ಕಾಗದಪತ್ರಗಳಲ್ಲಿ ಓದಿ ಬೆಳೆದ ಮನೆತನದವರು. "ಕರಾರು ಅಂದ್ರ ಏನು ಹೇಳ್ರಿ?" ಎಂದು ನನ್ನನ್ನೇ ಕೇಳಿದರು. ಒಪ್ಪಂದ ಎಂದೆ. "ಅದು ನಮ್ಮ ಕನ್ನಡದಾಗ. ಉರ್ದುದಾಗ ಕರಾರ್ ಅಂದ್ರ ಸಮಾಧಾನಾನೂ ಹೌದು. ಮನಸ್ಸು ಒಂದ್ ಕಡೆ ನಿಲ್ಲೂದು. ಅದು ಇಲ್ಲದವನು ಬೇಕರಾರ್. ನೀವು ಬೇಕರಾರ್ ಆಗಿ ಕರಾರ್ ಮಾಡಿಸಾಕ ಬಂದೀರಿ." ತಮ್ಮ ಮಾತಿಗೆ ತಾವೇ ಸಂತೋಷಪಟ್ಟು ಚಹಾ ಹೇಳಿದರು.

ಶೈಲಜಾಳ ಮುಖ ಇಳಿದಿತ್ತು. ಚಹಾದ ಕಪ್ಪನ್ನು ಮುಟ್ಟಲೇ ಇಲ್ಲ. ಕಾಗದ ನಿಲ್ಲುವುದಿಲ್ಲ ಎಂದ ಮೇಲೆ ಮದುವೆಯೂ ನಿಲ್ಲಲಾರದು ಎಂದು ಅವಳು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದುದು ನನಗೆ ಕಾಣುತ್ತಿತ್ತು. ನಾನು ಎದುರಿನ ಕ್ಯಾಲೆಂಡರು ನೋಡುತ್ತ ಕುಳಿತೆ. ಆ ತಿಂಗಳಲ್ಲಿ ಆರು ಮುಹೂರ್ತಗಳಿದ್ದವು.

"ಈಗ ಇರೂ ಮನಿ ಯಾರ ಹೆಸರಿಲೆ ಐತಿ?" ವಕೀಲರು ಸುಮ್ಮನೆ ಕೇಳಿದಂತೆ ಕೇಳಿದರು.

"ನಮ್ಮನ್ಯಾಗಿನವರ ಹೆಸರಿಲೆ. ಮೊದಲಿನವರ," ಎಂದಳು ಶೈಲಜಾ.

"ಅವರ ಗಳಿಕಿಲೇ ತಗೊಂಡಿದ್ದೇನು? ಉಯಿಲು?"

"ಅವರದ ಗಳಿಕಿರಿ. ಉಯಿಲು ಇಲ್ರಿ. ಮೂವತ್ತೈದಕ್ಕ ಯಾರ್ ಬರೀತಾರ?"

"ಮಕ್ಕಳಿಲ್ಲ. ಹೆಂಡತಿ, ತಾಯಿ ಅಷ್ಟ." ಅವರು ಕನ್ನಡಕ ಮತ್ತೆ ಹಾಕಿಕೊಂಡರು. "ಹಂಗಾದ್ರ ಅರ್ಧ ನಿಮ್ಮದು, ಇನ್ನರ್ಧ ಆ ತಾಯಿದು. ನೀವು ಲಗ್ನ ಆದ್ರೂ ನಿಮ್ಮ ಅರ್ಧ ಎಲ್ಲೂ ಹೋಗಂಗಿಲ್ಲ, ಆಕಿ ಅರ್ಧನೂ ಹೋಗಂಗಿಲ್ಲ."

ಮೇಲೆ ಇನ್ನೊಂದು ವಿಮಾನ ಹೋಯಿತು. ಅಷ್ಟರಲ್ಲಿ ನನಗೆ ನಿಧಾನವಾಗಿ ತಿಳಿಯತೊಡಗಿತು. ಏಳು ಅಂಶಗಳಲ್ಲಿ ನಾನು ಯಾರನ್ನು ಉದಾರವಾಗಿ ಇಟ್ಟುಕೊಳ್ಳಲು ಹೊರಟಿದ್ದೆನೋ ಅವರು ಅರ್ಧ ಮನೆಯ ಒಡತಿ. ಮದುವೆಯಾದ ಮೇಲೆ ಆ ಮನೆಗೆ ಟ್ರಂಕು ಹೊತ್ತು ಹೋಗುವವನು ನಾನು. ಅಲ್ಲಿ ಇರಲು ಅನುಮತಿ ಬೇಕಾದದ್ದು ನನಗೆ.

"ಆ ತಾಯೀನ್ನ ಕೇಳಿರೇನು?" ಎಂದರು ವಕೀಲರು.

"ಏನು?" ಎಂದೆ.

"ಏನಾದ್ರೂ."

ಕೇಳಿರಲಿಲ್ಲ. ಅವರ ಬಗ್ಗೆ ವಾರಗಟ್ಟಲೆ ಮಾತಾಡಿದ್ದೆವು. ಏಳು ಅಂಶ ಬರೆದಿದ್ದೆವು. ವಕೀಲರವರೆಗೆ ಬಂದಿದ್ದೆವು.

ಮನೆಗೆ ಬಂದಾಗ ನೀಲಮ್ಮ ಮೊರದ ತುಂಬ ಮೆಂತ್ಯದ ಸೊಪ್ಪು ಹರವಿಕೊಂಡು ಸೋಸುತ್ತಿದ್ದರು. ಶೈಲಜಾ ಎದುರು ಕುಳಿತು ವಿಷಯ ಹೇಳಿದಳು. ಅವರು ಕೈ ನಿಲ್ಲಿಸದೆ ಕೇಳಿ, "ಯಾವ ಅರ್ಧ?" ಎಂದರು. "ಅಡಗಿಮನಿ ಇದ್ದದ್ದೋ, ಬಚ್ಚಲಾ ಇದ್ದದ್ದೋ?"

ಅದು ಹಾಗೆ ಗೆರೆ ಎಳೆದು ಹೇಳುವುದಲ್ಲ ಎಂದು ನಾನು ವಿವರಿಸಿದೆ. ಅವರು ಮೊರವನ್ನು ಬದಿಗೆ ಸರಿಸಿದರು. ಆಮೇಲೆ ಎದ್ದು ಒಳಗೆ ಹೋಗಿ ಮಂಚದ ಕೆಳಗಿನಿಂದ ಒಂದು ಕೈಚೀಲ ಎಳೆದು ತಂದು ನಮ್ಮ ನಡುವೆ ಇಟ್ಟರು. ಒಳಗೆ ನಾಲ್ಕು ಸೀರೆ, ಒಂದು ಕಂಬಳಿ, ಒಂದು ಸ್ಟೀಲಿನ ತಟ್ಟೆ. ಊರ ಕಡೆಯ ಮಠವೊಂದರಲ್ಲಿ ಮುದುಕಿಯರಿಗೆ ಊಟ, ನೆರಳು ಕೊಡುತ್ತಾರಂತೆ. ಅಲ್ಲಿಗೆ ಹೇಳಿಕಳಿಸಿ ಆಗಿತ್ತು. ಲಗ್ನದ ಮರುದಿನದ ರೈಲು ಎಂದು ಮನಸ್ಸಿನಲ್ಲೇ ಗೊತ್ತುಮಾಡಿಕೊಂಡಿದ್ದರು.

"ಹೊಸಾ ಸಂಸಾರದಾಗ ಹಳೇ ಸಂಸಾರದ ಮುದುಕಿ ಯಾಕ್ ಬೇಕು ಅಂತ..." ಎಂದರು. ಅಳಲಿಲ್ಲ. ಶೈಲಜಾ ಮಾತ್ರ ಆ ತಟ್ಟೆಯನ್ನು ಎತ್ತಿಕೊಂಡು ಒಮ್ಮೆಲೆ ಬಿಕ್ಕಿ ಅತ್ತಳು. "ನನಗ ಗೊತ್ತಿತ್ತು. ತಾಟು ಕಪಾಟಿನ್ಯಾಗ ಕಾಣ್ಲಾರದಾದಾಗ್ಲೇ ಗೊತ್ತಿತ್ತು. ಅದಕ್ಕ ಬರದು ಕೊಡ್ರಿ ಅಂದೆ!"

ಬರೆದು ಕೊಡಿ ಎಂದದ್ದು ನಾನು ಕಳಿಸಿಬಿಟ್ಟೇನು ಎಂಬ ಭಯಕ್ಕೆ ಮಾತ್ರವಲ್ಲ, ಅತ್ತೆ ತಾವಾಗಿಯೇ ಹೋಗಿಬಿಟ್ಟಾರು ಎಂಬ ಭಯಕ್ಕೆ. ಅಷ್ಟು ದಿನ ನನ್ನ ಮರ್ಯಾದೆಯ ಪ್ರಶ್ನೆ ಎಂದು ನಾನು ಮುಖ ಊದಿಸಿಕೊಂಡಿದ್ದ ವಿಷಯದಲ್ಲಿ ನನ್ನ ಪಾತ್ರ ಇಷ್ಟು ಚಿಕ್ಕದೆಂದು ತಿಳಿದು, ಏನು ಮಾಡಬೇಕೋ ತೋಚದೆ ಉಳಿದ ಮೆಂತ್ಯ ಸೋಸಿದೆ.

ನೀಲಮ್ಮ ಸೆರಗಿನಿಂದ ಸೊಸೆಯ ಮುಖ ಒರೆಸಿ ನನ್ನ ಕಡೆ ತಿರುಗಿದರು. "ವಕೀಲಪ್ಪನ ಕಡೆ ಮತ್ ಯಾವಾಗ ಹೋಗ್ತೀರಿ? ನಾನೂ ಬರ್ತೀನಿ. ನನ್ನವೂ ಷರತ್ತ ಅದಾವ."

ಮುಂದಿನ ಶನಿವಾರ ಅವರು ಇಳಕಲ್ ಸೀರೆ ಉಟ್ಟು ಪ್ರಹ್ಲಾದರಾಯರ ಎದುರಿನ ಕುರ್ಚಿಯಲ್ಲಿ ಕುಳಿತರು. ನಾವಿಬ್ಬರೂ ಹಿಂದಿನ ಬೆಂಚಿಗೆ ಸರಿದೆವು. ವಕೀಲರು ಪೆನ್ನು ತೆಗೆದರು. ಈ ಕಾಗದ ಕೋರ್ಟಿನಲ್ಲಿ ನಡೆಯುವುದಿಲ್ಲ ಎಂದು ಮೊದಲೇ ಎಚ್ಚರಿಸಿದರು.

"ನಾವು ಕೋರ್ಟಿಗಿ ಯಾಕ್ ಹೋಗೂಣ್ರಿ? ಮನ್ಯಾಗ ನಡೆದ್ರ ಸಾಕು. ಬರಕೋರಿ."

ಮೊದಲನೆಯದು, ಮಗನ ಫೋಟೊ ಗೋಡೆಯ ಮೇಲೆ ಎಲ್ಲಿದೆಯೋ ಅಲ್ಲೇ ಇರಬೇಕು. ಒಪ್ಪಿದೆ. ಎರಡನೆಯದು, ಜಗಳ ಎಷ್ಟು ಬೇಕಾದರೂ ಆಡಬಹುದು, ಆದರೆ 'ಮನೆ ಬಿಟ್ಟು ಹೋಗು' ಎಂಬ ಮಾತನ್ನು ಯಾರೂ ಯಾರಿಗೂ ಆಡಕೂಡದು, ಹಾಗೇ 'ನಾನೇ ಹೋಗ್ತೀನಿ' ಎಂದೂ ಅನ್ನಕೂಡದು. "ನಾನೂ ಸೇರಿ ಅಂತ ಬರೀರಿ," ಎಂದರು. ಮೂರನೆಯದನ್ನು ವಕೀಲರ ಕಡೆ ಬಾಗಿ ಹೇಳಿದರು.

"ಇದು ಶೈಲಾಗ. ನನ್ ಮಗ ಹೋದಾಗಿಂದ ಆಕಿ ನಗೂಕಿಂತ ಮೊದಲ ನನ್ನ ಮಾರಿ ನೋಡ್ತಾಳ. ಮುದುಕಿಗಿ ಏನ್ ಅನಸ್ತೈತೋ ಅಂತ. ಟೀವ್ಯಾಗ ನಗಿ ಬಂದ್ರೂ ನೋಡ್ತಾಳ. ಇನ್ನ ಮ್ಯಾಲ ನನ್ನ ಮಾರಿ ನೋಡಿ ನಗಬಾರದು. ನಗಿ ಬಂದ್ರ ನಗಬೇಕು. ಅಷ್ಟ."

ವಕೀಲರ ಪೆನ್ನು ಕಾಗದದ ಮೇಲೆ ನಿಂತಿತು. ಈ ಸಲ ಮೇಲೆ ವಿಮಾನವೇನೂ ಹಾರುತ್ತಿರಲಿಲ್ಲ. ಅವರು "ಇದು ಯಾವ ಕಲಮಿನ ಕೆಳಗೆ ಬರ್ತೈತೋ ನನಗೂ ಗೊತ್ತಿಲ್ರಿ ತಾಯಿ," ಎಂದರು. ಆದರೂ ಬರೆದರು. ನನ್ನ ಪಕ್ಕದಲ್ಲಿ ಶೈಲಜಾ ತಲೆ ತಗ್ಗಿಸಿ ಕುಳಿತಿದ್ದಳು. ನಾನು ನನ್ನ ಕರವಸ್ತ್ರ ಕೊಟ್ಟೆ. ಅದರಲ್ಲೂ ಕಾರ್ಖಾನೆಯ ವಾಸನೆ ಇದ್ದಿರಬೇಕು, ಅವಳು ಮೂಗಿನ ಹತ್ತಿರ ತಂದು ತಕ್ಷಣ ದೂರ ಹಿಡಿದಳು. ಮರುಕ್ಷಣ ಅವಳಿಗೆ ನಗೆ ಬಂತು. ರೂಢಿಯಂತೆ ಕತ್ತು ಎತ್ತಿ ಅತ್ತೆಯ ಕಡೆ ನೋಡಿದಳು. ನೀಲಮ್ಮ ಬೇಕೆಂದೇ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದರು.

ಆ ಕಾಗದಕ್ಕೆ ನಾವು ಮೂವರೂ ಸಹಿ ಹಾಕಿದೆವು. ನಿಲ್ಲುವ ಕಾಗದಗಳನ್ನೂ ವಕೀಲರು ಬೇರೆಯಾಗಿ ಮಾಡಿಕೊಟ್ಟರು. ಮನೆ ಅತ್ತೆ, ಸೊಸೆ ಇಬ್ಬರ ಹೆಸರಿಗೂ ಆಯಿತು. ಶುಲ್ಕವೆಷ್ಟು ಎಂದಾಗ, ಲಗ್ನದ ಊಟಕ್ಕೆ ಕರೆಯಿರಿ, ಎಣ್ಣೆಗಾಯಿ ಇರಲಿ ಎಂದರು. ಮದುವೆ ರಾಯಚೂರಿನಲ್ಲಿ ನಡೆಯಿತು. ಬರುವುದಿಲ್ಲ ಎಂದಿದ್ದ ಅಕ್ಕನ ಮನೆಯಲ್ಲೇ ನಡೆದದ್ದರಿಂದ ಅವಳಿಗೆ ಬರದೆ ಗತ್ಯಂತರವಿರಲಿಲ್ಲ. ಹಿಂದಿನ ವಾರ ನೀಲಮ್ಮ ಒಬ್ಬರೇ ರೈಲು ಹತ್ತಿ ಹೋಗಿ ಅವಳನ್ನು ಕಂಡು ಬಂದಿದ್ದರು. ಇಬ್ಬರೂ ಏನು ಮಾತಾಡಿದರೋ ನನಗೆ ಇಂದಿಗೂ ತಿಳಿಸಿಲ್ಲ.

ಆರು ವರ್ಷಗಳಾದವು. ಜಗಳಗಳು ಆಗಿವೆ, ಎರಡನೆಯ ಷರತ್ತಿಗೆ ಒಳಪಟ್ಟು. ಮೊನ್ನೆ ಎದುರು ಫ್ಲ್ಯಾಟಿನ ಹುಡುಗಿ, ಗಾಜಿನ ಕಟ್ಟಡದಲ್ಲಿ ಕೆಲಸ ಮಾಡುವವಳು, ತಾನು ಮದುವೆಯಾಗಲಿರುವ ಹುಡುಗನನ್ನು ಕರೆದುಕೊಂಡು ಬಂದು ನಮ್ಮ ವಕೀಲರ ವಿಳಾಸ ಕೇಳಿದಳು. ಕತೆಯನ್ನೆಲ್ಲ ಕೇಳಿದ ಮೇಲೆ ಆ ಹುಡುಗ, ಬುದ್ಧಿವಂತ, ಸರಿಯಾದ ಪ್ರಶ್ನೆಯನ್ನೇ ಹಾಕಿದ. ಕೋರ್ಟಿನಲ್ಲಿ ನಿಲ್ಲದ ಕಾಗದವನ್ನು ಬರೆಸಿ ಏನು ಉಪಯೋಗ? ನಾನು ಅದನ್ನು ತೆಲುಗಿನಿಂದ ಕನ್ನಡಕ್ಕೆ ತಂದು ನೀಲಮ್ಮನ ಮುಂದಿಟ್ಟೆ.

"ಬರೀಬೇಕು ಅಂತ ಕುಂತಾಗ ಕೇಳ್ಬೇಕಾತಲ್ಲ, ತಮ್ಮಾ. ಅಲ್ಲೀತನಕ ನನ್ನ ಯಾರೂ ಏನೂ ಕೇಳಿದ್ದಿಲ್ಲ."

ನಾನು ಇದನ್ನು ತೆಲುಗಿಗೆ ತಿರುಗಿಸಿ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಹೋದ ಮೇಲೆ, ಪ್ರತಿ ಭಾನುವಾರ ಇರಾನಿ ಹೋಟೆಲಿನಿಂದ ನೀಲಮ್ಮನಿಗಾಗಿಯೇ ತರುವ ಉಸ್ಮಾನಿಯಾ ಬಿಸ್ಕೀಟಿನ ಪೊಟ್ಟಣ ಬಿಚ್ಚಿ ಅವರ ಮುಂದಿಟ್ಟೆ. ಏನು ಹೊಳೆಯಿತೋ, ನಿಮಗೆ ಇವು ಇಷ್ಟ ತಾನೇ ಎಂದು ಕೇಳಿದೆ.

"ಇಲ್ರಿ," ಎಂದರು ಅವರು. "ಸಿಹಿ ಬಿಸ್ಕೀಟು ನನಗ ಮೊದಲಿಂದ ಸೇರಂಗಿಲ್ಲ. ಖಾರಾ ಇದ್ರ ತಿಂತೀನಿ."

ಆರು ವರ್ಷ ತಿಂದಿರಲ್ಲ, ಒಂದು ಮಾತು ಹೇಳಬಾರದಿತ್ತೇ ಎಂದೆ.

"ನೀವು ಇವತ್ತ ಕೇಳಿದ್ರಿ," ಎಂದು ಪೊಟ್ಟಣವನ್ನು ನನ್ನ ಕಡೆಗೆ ಸರಿಸಿದರು.